ಕೆಳಗಿನೂರಿನ ದುಡ್ಡು, ಮೇಲಿನೂರಿನ ಪೈಪು

ಇಂಪೀರಿಯಲ್ ಬೀಚ್ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಪುಟ್ಟ ಊರು. ಊರು ಮುಗಿದಲ್ಲಿ ಜೌಗು, ಜೌಗು ಮುಗಿದಲ್ಲಿ ಮೆಕ್ಸಿಕೊ. ಮರದ ಪಿಯರ್ ಕಡಲೊಳಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ನಾನು ಹೋದ ದಿನ ಬಿಸಿಲು ಹದವಾಗಿತ್ತು, ಅಲೆಗಳು ಸಾಲುಗಟ್ಟಿ ಬರುತ್ತಿದ್ದವು. ಆದರೆ ನೀರಿಗಿಳಿದವರು ಒಬ್ಬರೂ ಇರಲಿಲ್ಲ. ಮರಳಿನಲ್ಲಿ ನೆಟ್ಟ ಫಲಕಗಳು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಒಂದೇ ಮಾತು ಹೇಳುತ್ತಿದ್ದವು: ಕೊಳಚೆ ಸೇರಿದ ನೀರು, ಇಳಿಯಬೇಡಿ. 2021ರ ಡಿಸೆಂಬರಿನಲ್ಲಿ ಮುಚ್ಚಿದ ಈ ತೀರ ಸಾವಿರಕ್ಕೂ ಹೆಚ್ಚು ದಿನ ಒಂದೇ ಸಮನೆ ಮುಚ್ಚಿತ್ತು. ಅಲೆಸವಾರಿಯನ್ನೇ ನಂಬಿದ ಊರಿನಲ್ಲಿ ಒಂದು ಮಗು ಹುಟ್ಟಿ ಓಡಾಡುವಷ್ಟು ಕಾಲ ಕಡಲಿಗೆ ಬೀಗ ಬಿದ್ದಿತ್ತು.

ಸ್ಯಾನ್ ಡಿಯಾಗೊದಲ್ಲಿ ನೆಲೆಸಿರುವ ಮೈಸೂರಿನ ಗೆಳೆಯನೊಬ್ಬ ನನ್ನನ್ನು ಅಲ್ಲಿಂದ ಸ್ಯಾಟರ್ನ್ ಬುಲೆವಾರ್ಡ್ ಎಂಬ ರಸ್ತೆಗೆ ಕರೆದುಕೊಂಡು ಹೋದ. ಕುದುರೆ ಲಾಯ, ತರಕಾರಿ ತೋಟಗಳ ನಡುವಿನ ಸಾಧಾರಣ ರಸ್ತೆ. ಅದರಡಿ ದೊಡ್ಡ ತೂಬುಗಳಲ್ಲಿ ಟಿಹುವಾನಾ ನದಿ ಹಾಯುತ್ತದೆ. ಕಾರಿನ ಗಾಜು ಏರಿಸಿದ್ದರೂ ಕೊಳೆತ ಮೊಟ್ಟೆಯ ವಾಸನೆ ಒಳಗೆ ಬಂದಿತ್ತು. ಇಳಿದು ನೋಡಿದೆ. ತೂಬಿನಿಂದ ಹೊರಚೆಲ್ಲುವ ನೀರು ಕಡುಬೂದು. ಕೆಳಗೆ ಬಿದ್ದಲ್ಲಿ ನೊರೆ ಎದ್ದು, ಗಡ್ಡೆಗಟ್ಟಿ, ದಂಡೆಯ ವಿಲೋ ಪೊದೆಗೆ ಸಿಕ್ಕಿಕೊಂಡು ನಡುಗುತ್ತಿತ್ತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಕಂಡವರಿಗೆ ಆ ನೊರೆಯನ್ನು ಪರಿಚಯಿಸಬೇಕಿಲ್ಲ. ನೀರು ಹೀಗೆ ರಭಸದಿಂದ ಬಿದ್ದು ಒಡೆದಾಗ ಅದರೊಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾಗಿ ಗಾಳಿಗೆ ಬಿಡುಗಡೆಯಾಗುತ್ತದೆ. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಿಂಬರ್ಲಿ ಪ್ರ್ಯಾಥರ್ ಅವರ ತಂಡ ಇದನ್ನು ಅಳೆದಿದೆ. ಅಲೆ ಒಡೆಯುವಾಗ ಏಳುವ ತುಂತುರಿನಲ್ಲಿ ಕೊಳಚೆಯ ಬ್ಯಾಕ್ಟೀರಿಯಾಗಳು ಗಾಳಿಗೇರುವುದನ್ನೂ ತೋರಿಸಿಕೊಟ್ಟಿದೆ. ನೀರನ್ನು ಮುಟ್ಟದಿದ್ದರೆ ಸಾಕು ಎಂಬ ಸಮಾಧಾನವೂ ಇಲ್ಲಿನ ಜನಕ್ಕೆ ಉಳಿದಿಲ್ಲ. ಅಲ್ಲೇ ಸಮೀಪದ ಮನೆಯಂಗಳದಲ್ಲಿ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ರಾತ್ರಿ ಕಿಟಕಿಗಳನ್ನು ಮುಚ್ಚಿಯೇ ಮಲಗುತ್ತೇವೆ, ಮಕ್ಕಳ ತಲೆನೋವು ಹೋಗುವುದಿಲ್ಲ ಎಂದಳು.

ಈ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಸುಮಾರು 4,500 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದ ಮುಕ್ಕಾಲು ಪಾಲು ಮೆಕ್ಸಿಕೊದಲ್ಲಿದೆ. ಕೊನೆಯ ಕೆಲವು ಮೈಲಿ ಮತ್ತು ಕಡಲು ಸೇರುವ ಅಳಿವೆ ಅಮೆರಿಕದಲ್ಲಿವೆ. 1950ರಲ್ಲಿ ಅರವತ್ತು ಸಾವಿರದ ಆಸುಪಾಸು ಜನರಿದ್ದ ಗಡಿಯಾಚೆಯ ಟಿಹುವಾನಾ ನಗರದಲ್ಲಿ ಈಗ ಇಪ್ಪತ್ತು ಲಕ್ಷದಷ್ಟು ಜನ. 1965ರಿಂದಾಚೆ ಗಡಿಯುದ್ದಕ್ಕೂ ಎದ್ದ ಕಾರ್ಖಾನೆಗಳು ದೇಶದ ಮೂಲೆಮೂಲೆಗಳಿಂದ ಕೂಲಿಗಳನ್ನು ಸೆಳೆದವು. ಕಾರ್ಖಾನೆಯಲ್ಲಿ ಜೋಡಿಸಿದ ಟೀವಿ, ವೈದ್ಯಕೀಯ ಉಪಕರಣಗಳು ಉತ್ತರಕ್ಕೆ ಹೋದವು. ಜೋಡಿಸಿದವರ ಮನೆಗಳು ಗುಡ್ಡದ ಇಳಿಜಾರುಗಳಲ್ಲಿ, ಕಣಿವೆಗಳಲ್ಲಿ, ಪೈಪು ಬರುವ ಮುಂಚೆಯೇ ಎದ್ದವು. ಆ ಮನೆಗಳ ಬಚ್ಚಲ ನೀರೂ ಇಳಿಜಾರು ಹಿಡಿದು ಉತ್ತರಕ್ಕೇ ಹೋಯಿತು.

ಕೆಳಗಿನೂರಿನವರು ಏನು ಮಾಡಬೇಕು? ಬೈಯಬಹುದು, ದಾವೆ ಹೂಡಬಹುದು, ಎರಡನ್ನೂ ಮಾಡಿದ್ದಾರೆ. ಆದರೆ ಕೊಳೆ ಹುಟ್ಟುವಲ್ಲೇ ಅದನ್ನು ಹಿಡಿಯುವುದು ಎಲ್ಲಕ್ಕಿಂತ ಅಗ್ಗ ಎಂಬುದು ಯಾವ ಎಂಜಿನಿಯರನ್ನು ಕೇಳಿದರೂ ಸಿಗುವ ಉತ್ತರ. ಹುಟ್ಟುವ ಜಾಗ ಬೇರೆ ದೇಶದಲ್ಲಿದ್ದರೆ? ನಮ್ಮ ತೆರಿಗೆಯ ಹಣವನ್ನು ಅವರ ನೆಲದಲ್ಲಿ ಹೂಳುವುದೇಕೆ ಎಂದು ಕೇಳುವವರಿಗೆ ಯಾವ ಮಂತ್ರಿಯೂ ಸುಲಭವಾಗಿ ಉತ್ತರ ಹೇಳಲಾರ. ಗಡಿಯ ಈ ತುದಿಯಿಂದ ಆ ತುದಿಯವರೆಗೆ ಓಡಾಡುವಾಗ ನನ್ನನ್ನು ಬೆನ್ನುಹತ್ತಿದ್ದು ಈ ಪ್ರಶ್ನೆಯೇ. ಎರಡು ದೇಶಗಳು ಎಂಬತ್ತು ವರ್ಷಗಳಿಂದ ಇದಕ್ಕೆ ಬಗೆಬಗೆಯ ಉತ್ತರಗಳನ್ನು ಬರೆದು ಸಹಿ ಹಾಕುತ್ತಾ ಬಂದಿವೆ. 1944ರ ಜಲ ಒಪ್ಪಂದದ 3ನೇ ವಿಧಿ ಗಡಿಯ ನೈರ್ಮಲ್ಯ ಸಮಸ್ಯೆಗಳಿಗೆ ಆದ್ಯತೆ ಕೊಡಬೇಕೆಂದು ಎರಡೂ ಸರ್ಕಾರಗಳನ್ನು ಕಟ್ಟಿಹಾಕಿತು. ಒಪ್ಪಂದವನ್ನು ನಡೆಸುವ ಅಂತರರಾಷ್ಟ್ರೀಯ ಗಡಿ ಮತ್ತು ಜಲ ಆಯೋಗಕ್ಕೆ ಎಲ್ ಪಾಸೊದಲ್ಲಿ ಒಂದು ಕಚೇರಿ, ನದಿ ದಾಟಿದರೆ ಸಿಯುದಾದ್ ಹುವಾರೆಸ್‌ನಲ್ಲಿ ಇನ್ನೊಂದು. ಎರಡೂ ಕಚೇರಿಗಳು ಕೂಡಿ ಬರೆದ ನಿರ್ಣಯಕ್ಕೆ ಒಂದೊಂದು ಸಂಖ್ಯೆ. ಗಡಿಯ ಜನ ಆ ಸಂಖ್ಯೆಗಳನ್ನು ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ.

1990ರ ಜುಲೈನಲ್ಲಿ ಬಂದದ್ದು 283ನೇ ನಿರ್ಣಯ. ಟಿಹುವಾನಾದ ಕೊಳಚೆಯನ್ನು ಶುದ್ಧಗೊಳಿಸುವ ಘಟಕವನ್ನು ಅಮೆರಿಕದ ನೆಲದಲ್ಲೇ ಕಟ್ಟುವುದು, ಇದೇ ಘಟಕ ಟಿಹುವಾನಾದಲ್ಲಿ ಆಗಿದ್ದರೆ ಮೆಕ್ಸಿಕೊಗೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನು ಅದು ಕೊಡುವುದು, ಉಳಿದದ್ದು ಅಮೆರಿಕದ್ದು. ಈ ಲೆಕ್ಕದ ಹಿಂದಿನ ನ್ಯಾಯ ನನಗೆ ತುಂಬ ಹಿಡಿಸಿತು. ಬಡ ನೆರೆಯವನು ತನ್ನ ಶಕ್ತಿಯಷ್ಟು, ತನ್ನ ಊರಿನ ದರದಲ್ಲಿ ಕೊಡುತ್ತಾನೆ. ಹೆಚ್ಚು ಕಟ್ಟುನಿಟ್ಟಿನ ನೀರು ಬೇಕೆನ್ನುವ ಸಿರಿವಂತ ಆ ಹೆಚ್ಚಿಗೆಯ ಬೆಲೆ ತೆರುತ್ತಾನೆ. ಸ್ಯಾನ್ ಇಸಿದ್ರೊದಲ್ಲಿ ಗಡಿಬೇಲಿಗೆ ಅಂಟಿಕೊಂಡಂತಿರುವ ಆ ಘಟಕ 1997ರಲ್ಲಿ ಕೆಲಸ ಶುರುಮಾಡಿತು. ದಿನಕ್ಕೆ ಎರಡೂವರೆ ಕೋಟಿ ಗ್ಯಾಲನ್, ಅಂದರೆ ಸುಮಾರು ಒಂಬತ್ತೂವರೆ ಕೋಟಿ ಲೀಟರ್ ಅದರ ಆಗಿನ ಸಾಮರ್ಥ್ಯ. ಡೈರಿ ಮಾರ್ಟ್ ರಸ್ತೆಯ ಕಡೆಯಿಂದ ನೋಡಿದರೆ ತಂತಿಬೇಲಿಯ ಹಿಂದೆ ದುಂಡನೆಯ ತೊಟ್ಟಿಗಳು, ಅವುಗಳ ಹಿಂದೆ ಉಕ್ಕಿನ ಗಡಿಗೋಡೆ, ಗೋಡೆಯ ತಲೆಯ ಮೇಲೆ ಟಿಹುವಾನಾದ ಮನೆಗಳು. ಗೋಡೆಯ ಕೆಳಗೆ ಮಲಿನ ನೀರು ಪೈಪಿನಲ್ಲಿ ಈಚೆ ಬರುತ್ತದೆ. ಶುದ್ಧಗೊಂಡ ನೀರು ಕಡಲಾಳಕ್ಕೆ ಹೋಗುತ್ತದೆ. ಉಳಿದ ಹೂಳು ಲಾರಿಯಲ್ಲಿ ಮತ್ತೆ ಮೆಕ್ಸಿಕೊಗೆ ಮರಳುತ್ತದೆ. ಪಾಸ್‌ಪೋರ್ಟ್ ಹಿಡಿದು ಸರದಿಯಲ್ಲಿ ನಿಲ್ಲುವ ಮನುಷ್ಯರಿಗಿಂತ ಹೆಚ್ಚು ಸರಾಗವಾಗಿ ಈ ವಹಿವಾಟು ನಡೆದಿದೆ.

ಮರುದಿನ ನಡೆದೇ ಗಡಿ ದಾಟಿದೆ. ಟಿಹುವಾನಾದ ಪೇಟೆಗೆ ಹೋಗುವ ಕಾಲುಸೇತುವೆಯ ಮೇಲೆ ನಿಂತರೆ ಕೆಳಗೆ ನದಿ, ಅಂದರೆ ಕಾಂಕ್ರೀಟಿನ ಒಂದು ಭಾರಿ ಕಾಲುವೆ. ಫುಟ್‌ಬಾಲ್ ಮೈದಾನದಷ್ಟು ಅಗಲದ ತಳದಲ್ಲಿ ಸಣ್ಣ ಕಪ್ಪು ಧಾರೆ. ಗಡಿಗೆ ಕೆಲವೇ ಹೆಜ್ಜೆ ಮುಂಚೆ ಒಂದು ಪಂಪ್‌ಹೌಸ್ ಈ ಧಾರೆಯನ್ನು ಅಡ್ಡಗಟ್ಟಿ, ಗುಡ್ಡ ಹತ್ತಿಸಿ, ಕಡಲಿನ ಕಡೆಗೆ ತಿರುಗಿಸುತ್ತದೆ. ಮಳೆ ಬಂದು ಹರಿವು ಹೆಚ್ಚಿದರೆ ಪಂಪುಗಳು ಕೆಡದಿರಲೆಂದು ನಿಲ್ಲಿಸುತ್ತಾರೆ. ಆಗ ಎಲ್ಲವೂ ಉತ್ತರಕ್ಕೆ. ಬಿಸಿಲುಗಾಲದಲ್ಲೇ ಪಂಪು ಕೆಟ್ಟರೂ ಅಷ್ಟೇ. ಇಪ್ಪತ್ತು ಲಕ್ಷ ಜನರ ನಗರ ಮತ್ತು ಅದರ ಕೆಳಗಿನ ಊರುಗಳ ನಡುವೆ ಒಂದು ಮೋಟರಿನ ಸೀಲು, ಒಂದು ಜಾಲರಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ ಇಷ್ಟೊಂದು ತೂಕದ ಸಂಗತಿಯಾಗುತ್ತದೆಂದು ಆ ಸೇತುವೆಯ ಮೇಲೆ ನಿಂತ ಮೇಲೇ ನನಗೆ ಮನದಟ್ಟಾಯಿತು.

ಅಲ್ಲಿಂದ ಪಡುವಣಕ್ಕೆ ಲೋಸ್ ಲೌರೆಲೆಸ್ ಕಣಿವೆ. ಕಡಿದಾದ ಇಳಿಜಾರಿನಲ್ಲಿ ಮನೆಯ ಮೇಲೆ ಮನೆ. ಮಣ್ಣು ಜಾರದಿರಲೆಂದು ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಮಣ್ಣು ತುಂಬಿ ಕಟ್ಟಿದ ತಡೆಗೋಡೆಗಳು. ಆ ಟೈರುಗಳಲ್ಲಿ ಬಹಳಷ್ಟು ಕ್ಯಾಲಿಫೋರ್ನಿಯಾದಲ್ಲಿ ಸವೆದು, ಎರಡನೆಯ ಕೈ ಮಾಲಾಗಿ ಇಲ್ಲಿಗೆ ಬಂದವು. ದೊಡ್ಡ ಮಳೆಗೆ ಗೋಡೆ ಕುಸಿದರೆ ಟೈರುಗಳು ಕಣಿವೆಯಲ್ಲಿ ಉರುಳಿ, ಗಡಿ ದಾಟಿ, ಅಮೆರಿಕದ ಅಳಿವೆಯ ಹುಲ್ಲಿನಲ್ಲಿ ಹೂತುಕೊಳ್ಳುತ್ತವೆ. ಅವನ್ನು ಹಿಡಿಯಲು ಕಣಿವೆಯ ಬಾಯಲ್ಲಿ ಹೂಳುತೊಟ್ಟಿಗಳನ್ನು ತೋಡಿದ್ದಾರೆ, ಪ್ರತಿವರ್ಷ ಹೂಳೆತ್ತಬೇಕು. ಮೇಲಿನ ಓಣಿಗಳಿಗೆ ಕಲ್ಲುಹಾಸು ಹಾಕಿಸಿ, ಇಳಿಜಾರಿಗೆ ಗಿಡ ನೆಡಿಸಿದರೆ ಕೆಳಗೆ ಎತ್ತಬೇಕಾದ ಹೂಳು ಕಡಿಮೆಯಾಗುತ್ತದೆ. ಕಣಿವೆಯ ಕೆಲವು ಓಣಿಗಳಲ್ಲಿ ನೀರಿಂಗುವ ಸಿಮೆಂಟ್ ಇಟ್ಟಿಗೆ ಹಾಸಿದ್ದಾರೆ. ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಪಕ್ಕದ ಮಣ್ಣಿನ ಓಣಿಯಲ್ಲಿ ಹಿಂದಿನ ಮಳೆ ಕೊರೆದ ಕೊರಕಲು ಮೊಣಕಾಲಿನಷ್ಟು ಆಳ. ಮೇಲೆ ಹಾಕಿದ ದುಡ್ಡು ಕೆಳಗೆ ಏನು ಮಾಡುತ್ತದೆ ಎಂಬುದಕ್ಕೆ ಅಕ್ಕಪಕ್ಕದ ಆ ಎರಡು ಓಣಿಗಳು ಸಾಕು.

ಸಂಜೆ ಟಿಹುವಾನಾದ ಕಡಲತಡಿಯ ಬಡಾವಣೆ ಪ್ಲಾಯಾಸ್‌ನಲ್ಲಿ ಗಡಿಬೇಲಿ ಕಡಲೊಳಕ್ಕೆ ಇಳಿಯುವ ಜಾಗ ನೋಡಿದೆ. ಅಲ್ಲಿಂದ ತೆಂಕಣಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಸ್ಯಾನ್ ಆಂಟೋನಿಯೊ ದೆ ಲೋಸ್ ಬ್ಯುಯೆನೊಸ್ ಎಂಬ ಶುದ್ಧೀಕರಣ ಘಟಕ. ಬಹಳ ವರ್ಷ ಅದು ಹೆಸರಿಗಷ್ಟೇ ಘಟಕವಾಗಿತ್ತು. ಬಂದ ಕೊಳಚೆ ಬಂದಹಾಗೇ ಕಡಲಿಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ದಕ್ಷಿಣದ ಅಲೆಗಳು ಅದನ್ನು ಹೊತ್ತು ಇಂಪೀರಿಯಲ್ ಬೀಚಿಗೂ ಅದರ ಪಕ್ಕದ ಕೊರೊನಾಡೊಗೂ ತಂದು ಸುರಿಯುತ್ತಿದ್ದವು. ಮೆಕ್ಸಿಕೊ ಅದನ್ನು ಕೆಡವಿ ತನ್ನ ಸೇನೆಯ ಎಂಜಿನಿಯರುಗಳಿಂದ ಹೊಸದಾಗಿ ಕಟ್ಟಿಸಿ 2025ರಲ್ಲಿ ಚಾಲೂ ಮಾಡಿತು.

ಇಂಥ ಕೆಲಸಗಳಿಗೆ ಹಣ ಒದಗಿಸಲೆಂದೇ ಈ ಗಡಿಯಲ್ಲಿ ಒಂದು ಬ್ಯಾಂಕ್ ಇದೆ. ಉತ್ತರ ಅಮೆರಿಕ ಅಭಿವೃದ್ಧಿ ಬ್ಯಾಂಕ್ ಎಂಬುದು ಅದರ ಹೆಸರು. ಜನ ನ್ಯಾಡ್‌ಬ್ಯಾಂಕ್ ಎನ್ನುತ್ತಾರೆ. 1993ರ ನವೆಂಬರಿನಲ್ಲಿ ನಾಫ್ಟಾ ವ್ಯಾಪಾರ ಒಪ್ಪಂದ ಅಮೆರಿಕದ ಕೆಳಮನೆಯಲ್ಲಿ 234ಕ್ಕೆ 200 ಮತಗಳಿಂದ ಪಾಸಾಯಿತು. ವ್ಯಾಪಾರ ಬೆಳೆದರೆ ಗಡಿಯ ಊರುಗಳು ಕೊಳೆತುಹೋಗುತ್ತವೆ ಎಂಬ ಭಯ ಆಗ ದೊಡ್ಡದಾಗಿತ್ತು. ಲಾಸ್ ಏಂಜಲೀಸ್ ಭಾಗದ ಸದಸ್ಯ ಎಸ್ಟೆಬಾನ್ ಟೊರೆಸ್ ಗಡಿಗೊಂದು ಬ್ಯಾಂಕ್ ಬೇಕೆಂದು ಪಟ್ಟುಹಿಡಿದವರಲ್ಲಿ ಮುಖ್ಯರು. ಹಾಗೆ ಹುಟ್ಟಿದ ಬ್ಯಾಂಕಿನ ಆರಂಭದ ಬಂಡವಾಳ 300 ಕೋಟಿ ಡಾಲರ್. ಅರ್ಧ ಅಮೆರಿಕದ್ದು, ಅರ್ಧ ಮೆಕ್ಸಿಕೊದ್ದು. ಆಡಳಿತ ಮಂಡಳಿಯಲ್ಲೂ ಸಮಸಮ. ಇದು ಸಣ್ಣ ಮಾತಲ್ಲ. ವಿಶ್ವಬ್ಯಾಂಕಿನಂಥ ಕಡೆ ಹಣ ಹೆಚ್ಚು ಹಾಕಿದವನ ಮಾತು ಹೆಚ್ಚು ನಡೆಯುತ್ತದೆ. ಇಲ್ಲಿ ಎಷ್ಟೋ ಪಟ್ಟು ಸಿರಿವಂತ ದೇಶವೂ ಬಡ ನೆರೆಯ ದೇಶವೂ ಒಂದೇ ಎತ್ತರದ ಕುರ್ಚಿಗಳಲ್ಲಿ ಕೂರುತ್ತವೆ. ಬ್ಯಾಂಕ್ ಇರುವುದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ. ಯೋಜನೆಗಳನ್ನು ಪರಿಶೀಲಿಸಿ ಒಪ್ಪಿಗೆ ಮುದ್ರೆ ಒತ್ತುವ ಜೋಡಿ ಸಂಸ್ಥೆ ಹುವಾರೆಸ್‌ನಲ್ಲಿತ್ತು. 2017ರಲ್ಲಿ ಎರಡೂ ಒಂದಾದವು. ಊರಿನವರನ್ನು ಸಭೆ ಕರೆದು, ನೀರಿನ ಕಂದಾಯ ಎಷ್ಟು ಏರುತ್ತದೆಂದು ಮುಂಚೆಯೇ ಹೇಳಿ, ಅವರ ಮಾತು ಕೇಳಿದ ಮೇಲಷ್ಟೇ ಆ ಮುದ್ರೆ ಬೀಳುತ್ತಿತ್ತು.

ಆದರೆ ಮೊದಲ ಕೆಲವು ವರ್ಷ ಬ್ಯಾಂಕಿಗೆ ಹೆಚ್ಚು ಸಾಲ ಕೊಡಲಾಗಲಿಲ್ಲ. ಕಾರಣ ಸರಳ. ಒಳಚರಂಡಿ ಇಲ್ಲದ ಊರು ಬಡ ಊರು. ಬಡ ಊರಿಗೆ ಮಾರುಕಟ್ಟೆ ಬಡ್ಡಿಯ ಸಾಲ ತೀರಿಸುವ ಶಕ್ತಿ ಇಲ್ಲ. ಗಡಿಯ ಪರಿಸರ ಮೂಲಸೌಕರ್ಯಕ್ಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅನುದಾನದ ನಿಧಿಯೊಂದು 1997ರಲ್ಲಿ ಬ್ಯಾಂಕಿನ ಕೈಗೆ ಬಂದ ಮೇಲೇ ಚಕ್ರ ಉರುಳಿದ್ದು. ಸಾಲಕ್ಕೆ ಅನುದಾನ ಬೆರೆಸಿದಾಗ ಕಂತು ಊರಿನ ಕೈಗೆಟುಕಿತು. ನಿಧಿಗೊಂದು ಷರತ್ತಿದೆ: ಮೆಕ್ಸಿಕೊದಲ್ಲಿ ಖರ್ಚಾಗುವ ಅನುದಾನದಿಂದ ಅಮೆರಿಕದ ಕಡೆಗೂ ಪ್ರಯೋಜನವಾಗಬೇಕು, ಮೆಕ್ಸಿಕೊವೂ ತನ್ನ ಪಾಲು ಹಾಕಬೇಕು. ಇದು ಸ್ವಾರ್ಥವೆಂದು ಕೆಲವರು ಮೂಗುಮುರಿಯುತ್ತಾರೆ. ಈ ಸ್ವಾರ್ಥವನ್ನು ಕಾಗದದ ಮೇಲೆ ಬಿಚ್ಚಿಟ್ಟು ಬರೆದಿದ್ದರಿಂದಲೇ ಅದು ಇಷ್ಟು ವರ್ಷ ಬಾಳಿತು ಎಂದು ನನಗನ್ನಿಸುತ್ತದೆ. ದಾನವಾಗಿದ್ದರೆ ಮೊದಲ ಚುನಾವಣೆಗೇ ನಿಂತುಹೋಗುತ್ತಿತ್ತು. ಹತ್ತು ಲಕ್ಷ ಮೀರಿದ ಜನರಿದ್ದೂ ಒಂದೇ ಒಂದು ಶುದ್ಧೀಕರಣ ಘಟಕವಿಲ್ಲದಿದ್ದ ಹುವಾರೆಸ್‌ಗೆ 2000ದಲ್ಲಿ ಘಟಕಗಳು ಬಂದವು. ಮೆಹಿಕಾಲಿಯ ಕೊಳೆಯನ್ನು ಉತ್ತರಕ್ಕೆ ಹೊತ್ತೊಯ್ಯುತ್ತಿದ್ದ ನ್ಯೂ ನದಿಗೆ 2007ರಲ್ಲಿ ಲಾಸ್ ಅರೆನಿತಾಸ್ ಘಟಕದಿಂದ ಒಂದಿಷ್ಟು ಉಸಿರು ಸಿಕ್ಕಿತು.

ನಮ್ಮಲ್ಲೂ ಮೇಲಿನೂರು, ಕೆಳಗಿನೂರುಗಳಿವೆ. ಬೆಂಗಳೂರಿನ ಪೂರ್ವ ಭಾಗದ ಕೊಳಚೆ ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿನ ಹೊಸೂರಿನ ಬಳಿ ಕೆಲವರಪಳ್ಳಿ ಜಲಾಶಯದಲ್ಲಿ ನೊರೆಯಾಗಿ ಏಳುತ್ತದೆ. ಒಂದೇ ದೇಶ, ಒಂದೇ ರೂಪಾಯಿ. ಆದರೂ ಎರಡು ರಾಜ್ಯಗಳು ಸಮಸಮ ಕೂತು ಇದು ನಮ್ಮಿಬ್ಬರ ಪೈಪು ಎಂದು ಲೆಕ್ಕ ಬರೆದದ್ದನ್ನು ನಾನು ಕಂಡಿಲ್ಲ. ಕಂಡದ್ದೆಲ್ಲ ದೂರು, ವರದಿ, ಅರ್ಜಿ.

ಗಡಿಯುದ್ದಕ್ಕೂ ಮೂಡಣಕ್ಕೆ ಸಾಗಿ ಅರಿಜೋನಾ ತಲುಪಿದೆ. ಅಲ್ಲಿನ ಟುಸಾನ್‌ನಿಂದ ಗಡಿಗೆ ಹೋಗುವ 19ನೇ ಹೆದ್ದಾರಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆದಿದ್ದಾರೆ. ಮೈಲಿಯ ದೇಶದಲ್ಲಿ ಮೆಕ್ಸಿಕೊದ ಕಡೆ ಹೋಗುವ ರಸ್ತೆಗೆ ಮಾತ್ರ ಕಿಲೋಮೀಟರು! ಈ ರಸ್ತೆಯ ಮಗ್ಗುಲಲ್ಲೇ ಸಾಂತಾ ಕ್ರೂಸ್ ನದಿ. ಅದರ ಜಾತಕ ವಿಚಿತ್ರ: ಅರಿಜೋನಾದಲ್ಲಿ ಹುಟ್ಟಿ, ತೆಂಕಣಕ್ಕೆ ಮೆಕ್ಸಿಕೊದೊಳಗೆ ಹೋಗಿ, ಅರ್ಧಸುತ್ತು ಹೊಡೆದು, ನೊಗಾಲೆಸ್ ಊರಿನ ಮೂಡಣದಲ್ಲಿ ಮತ್ತೆ ಅರಿಜೋನಾಕ್ಕೆ ಬರುತ್ತದೆ. ಹೆಚ್ಚಿನ ಕಡೆ ಮರಳಷ್ಟೇ. ಆದರೆ ರಿಯೊ ರಿಕೊ ಎಂಬಲ್ಲಿಂದ ಕೆಳಗೆ ಇದ್ದಕ್ಕಿದ್ದಂತೆ ಹೊಳೆ. ಟುಮಾಕಾಕರಿಯ ಹಳೆಯ ಚರ್ಚಿನ ಹಿಂದಿನ ಕಾಲುದಾರಿ ಹಿಡಿದು ನಡೆದೆ. ಕಾಟನ್‌ವುಡ್ ಮರಗಳ ತೋಪು, ಎಲೆಗಳ ನಡುವೆ ಸೋಸಿ ಬಿದ್ದ ಬೆಳಕು, ಕಣಕಾಲು ಮುಳುಗುವಷ್ಟು ತಿಳಿನೀರು. ಗಬ್ಬುವಾಸನೆ ಇಲ್ಲ. ಮರುಭೂಮಿಯ ನಡುವಿನ ಈ ನೀರಿನ ಹೆಚ್ಚಿನ ಪಾಲು ಮೆಕ್ಸಿಕೊದ ನೊಗಾಲೆಸ್ ಊರಿನ ಬಚ್ಚಲುಗಳಿಂದ ಬಂದದ್ದು.

ಗಡಿಯ ಎರಡೂ ಬದಿಗೆ ನೊಗಾಲೆಸ್ ಎಂಬ ಊರಿದೆ, ಎರಡಕ್ಕೂ ಸೇರಿ ಒಂದು ಶುದ್ಧೀಕರಣ ಘಟಕ. ಮೊದಲನೆಯದು 1951ರದು, ಈಗ ರಿಯೊ ರಿಕೊದಲ್ಲಿರುವುದು 1972ರದು. ಮೆಕ್ಸಿಕೊದ ನೊಗಾಲೆಸ್ ಮೇಲಿದೆ, ಅರಿಜೋನಾದ ನೊಗಾಲೆಸ್ ಕೆಳಗಿದೆ. ಗುರುತ್ವಾಕರ್ಷಣೆಯೇ ಕೊಳಚೆಯನ್ನು ಇಲ್ಲಿಗೆ ತರುತ್ತದೆ. ಬಹಳ ವರ್ಷ ಘಟಕದಿಂದ ಹೊರಬಿದ್ದ ನೀರಿನಲ್ಲಿ ಅಮೋನಿಯಾ ತುಂಬಿಕೊಂಡು ಮೀನು ಉಳಿಯುತ್ತಿರಲಿಲ್ಲ. 2009ರಲ್ಲಿ ಘಟಕವನ್ನು ಮೇಲ್ದರ್ಜೆಗೇರಿಸಿದರು. ಅಮೋನಿಯಾ ಇಳಿಯಿತು, ಆಮ್ಲಜನಕ ಏರಿತು. 2015ರಲ್ಲಿ ಹೊಳೆಯಲ್ಲಿ ಬಲೆ ಹಾಕಿದವರಿಗೆ ಗಿಲಾ ಟಾಪ್‌ಮಿನೋ ಸಿಕ್ಕಿತು. ಹೆಬ್ಬೆರಳಿನ ತುದಿಯಷ್ಟು ಮೀನು, ಅಳಿವಿನಂಚಿನ ಪಟ್ಟಿಯಲ್ಲಿದ್ದದ್ದು, ಈ ಭಾಗದಿಂದ ಹೋಗೇಬಿಟ್ಟಿತೆಂದು ಕೈಬಿಟ್ಟದ್ದು. ಯಾರೂ ತಂದು ಬಿಟ್ಟಿರಲಿಲ್ಲ. ನಾನು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ನೆರಳಿದ್ದ ಮಡುವಿನಲ್ಲಿ ಸಣ್ಣ ಮೀನುಗಳ ಒಂದು ಹಿಂಡು ಬಾಣದಂತೆ ಸುಳಿದು ಬೇರಿನಡಿ ಮರೆಯಾಯಿತು. ಅವು ಟಾಪ್‌ಮಿನೋಗಳೇ ಎಂದು ಗುರುತಿಸುವಷ್ಟು ಕಣ್ಣು ನನಗಿಲ್ಲ. ಆದರೂ ಒಂದು ಪೈಪು, ಒಂದಿಷ್ಟು ಗಾಳಿಯೂದುವ ಯಂತ್ರಗಳು ಇಷ್ಟನ್ನು ಮಾಡಬಲ್ಲವೆಂದು ಕಂಡಾಗ ಗಂಟಲು ಕಟ್ಟಿತು.

ಈ ಹೊಳೆಯೂ ಮೆಕ್ಸಿಕೊದ ಒಪ್ಪಿಗೆಯ ಮೇಲೆಯೇ ನಿಂತಿದೆ. ಒಪ್ಪಂದದ ಪ್ರಕಾರ ಆ ನೀರು ಅವರದು, ಬೇಕೆಂದರೆ ಇಟ್ಟುಕೊಳ್ಳಬಹುದು. 2012ರಲ್ಲಿ ಅವರು ಲೋಸ್ ಅಲಿಸೋಸ್ ಘಟಕ ಕಟ್ಟಿ ನೊಗಾಲೆಸ್‌ನ ಕೊಳಚೆಯ ಒಂದು ಪಾಲನ್ನು ದಿಬ್ಬ ಹತ್ತಿಸಿ ತಮ್ಮ ಕಡೆಯ ಕಣಿವೆಗೆ ತಿರುಗಿಸಿಕೊಂಡರು. ಬಾಯಾರಿದ ಊರು ತನ್ನ ನೀರನ್ನು ತಾನು ಬಳಸಿಕೊಂಡರೆ ತಪ್ಪೆನ್ನುವುದು ಹೇಗೆ? ಈ ಕಡೆಯ ಕಾಟನ್‌ವುಡ್ ಮರಗಳು ಮಾತ್ರ ಆ ಉತ್ತರವನ್ನು ಕಾದು ನಿಂತಿವೆ.

ನೊಗಾಲೆಸ್‌ನಿಂದ ಘಟಕಕ್ಕೆ ಬರುವ ಕೊಳವೆ ಒಂಬತ್ತು ಮೈಲಿ ಉದ್ದದ್ದು. ಅದು ಊರಿನ ಹಳ್ಳದ ಅಡಿಯಲ್ಲೇ ಮಲಗಿದೆ. 2017ರ ಜುಲೈನಲ್ಲಿ ಮಳೆಯ ಪ್ರವಾಹ ಅದರ ಮ್ಯಾನ್‌ಹೋಲೊಂದನ್ನು ಒಡೆದಾಗ ಹಸಿ ಕೊಳಚೆ ಹಳ್ಳಕ್ಕೆ ನುಗ್ಗಿ, ರಾಜ್ಯಪಾಲರು ತುರ್ತುಸ್ಥಿತಿ ಸಾರಬೇಕಾಯಿತು. ಆ ಕೊಳವೆ ಯಾರದು? ಊರಿನದೆಂದು ಆಯೋಗ, ಆಯೋಗದ್ದೆಂದು ಊರು, ವರ್ಷಗಟ್ಟಲೆ ಜಗ್ಗಾಟ. ಹೊಸ ಘಟಕಕ್ಕೆ ಅಡಿಗಲ್ಲಿಡಲು ಎರಡು ದೇಶಗಳ ದೊಡ್ಡವರು ಬರುತ್ತಾರೆ. ಹಳೆಯ ಕೊಳವೆಯ ಬಿರುಕಿಗೆ ಸಿಮೆಂಟ್ ಬಳಿಯುವ ಬಾಬ್ತು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಗಡಿ ದಾಟಿದ ಹಣವೆಲ್ಲ ಕಟ್ಟುವ ಹಣವಾಗಿತ್ತು. ಕಾಯುವ ಹಣ, ಪಂಪಿನ ಗ್ರೀಸು, ಬೇರಿಂಗು, ವಿದ್ಯುತ್ ಬಿಲ್ಲು, ರಾತ್ರಿಪಾಳಿಯ ಮೆಕ್ಯಾನಿಕ್‌ನ ಸಂಬಳ, ಇವು ಗಡಿಯ ಆಚೀಚೆ ಬಡ ಊರುಗಳ ಹೆಗಲಲ್ಲೇ ಉಳಿದವು. ಟಿಹುವಾನಾದಲ್ಲಿ ನಾನು ಕಂಡದ್ದರಲ್ಲಿ ಬಹಳಷ್ಟು ಇದರ ಫಲವೇ. ಸ್ಯಾನ್ ಆಂಟೋನಿಯೊ ದೆ ಲೋಸ್ ಬ್ಯುಯೆನೊಸ್ ಹಾಳಾದದ್ದು ನಿರ್ವಹಣೆಯಿಲ್ಲದೆ. ಅಮೆರಿಕದ ನೆಲದ ಸ್ಯಾನ್ ಇಸಿದ್ರೊ ಘಟಕವೂ ಹೊರತಲ್ಲ. ವರ್ಷಗಳ ಅಲಕ್ಷ್ಯದಿಂದ ಸೊರಗಿದ್ದ ಅದನ್ನು 2023ರ ಆಗಸ್ಟಿನ ಹಿಲರಿ ಚಂಡಮಾರುತ ಮತ್ತಷ್ಟು ಕೆಡಿಸಿತು.

2022ರಲ್ಲಿ ಸಹಿಯಾದ 328ನೇ ನಿರ್ಣಯ 47.4 ಕೋಟಿ ಡಾಲರಿನದು. ಅದರಲ್ಲಿ 33 ಕೋಟಿ ಅಮೆರಿಕದ್ದು, 14.4 ಕೋಟಿ ಮೆಕ್ಸಿಕೊದ್ದು. 2025ರ ಜುಲೈ 24ರಂದು ಮೆಕ್ಸಿಕೊ ನಗರದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ಲೀ ಝೆಲ್ಡಿನ್ ಮತ್ತು ಮೆಕ್ಸಿಕೊದ ಪರಿಸರ ಸಚಿವೆ ಅಲಿಸಿಯಾ ಬಾರ್ಸೆನಾ ಇನ್ನೊಂದು ಒಡಂಬಡಿಕೆಗೆ ಸಹಿ ಹಾಕಿದರು. ಸ್ಯಾನ್ ಇಸಿದ್ರೊ ಘಟಕದ ಸಾಮರ್ಥ್ಯ ಆ ಆಗಸ್ಟಿನಲ್ಲೇ ಎರಡೂವರೆಯಿಂದ ಮೂರೂವರೆ ಕೋಟಿ ಗ್ಯಾಲನ್‌ಗೆ ಏರಿತು. 2027ರ ಕೊನೆಗೆ ಐದು ಕೋಟಿ ಆಗಬೇಕು. ಸುದ್ದಿಯಾದದ್ದು ಈ ಅಂಕಿಗಳೇ. ನನ್ನ ಗಮನ ನಿಂತದ್ದು ಅದೇ ಒಡಂಬಡಿಕೆಯ ಇನ್ನೊಂದು ಅಂಶದ ಮೇಲೆ: ನಿರ್ವಹಣೆಗೆಂದೇ ನ್ಯಾಡ್‌ಬ್ಯಾಂಕಿನಲ್ಲಿ ಒಂದು ಖಾತೆ ತೆರೆಯುವುದು. ಅಲ್ಲಿ ಕೂಡುವ ದುಡ್ಡಿನಿಂದ ಯಾವ ಹೊಸ ಕಟ್ಟಡವೂ ಏಳುವುದಿಲ್ಲ, ಯಾರ ಹೆಸರಿನ ಫಲಕವೂ ತೂಗುವುದಿಲ್ಲ. ಇಂಪೀರಿಯಲ್ ಬೀಚಿನ ಮಕ್ಕಳು ನೀರಿಗಿಳಿಯುವುದು ಬಿಡುವುದು ಆ ಖಾತೆಯನ್ನು ಪ್ರತಿವರ್ಷ ತುಂಬುವವರ ಕೈಯಲ್ಲಿದೆ. ತುಂಬಬೇಕಾದ ಎರಡೂ ಸರ್ಕಾರಗಳನ್ನು ಅಲ್ಲಿನ ಜನ ಈಗ ವರ್ಷ ವರ್ಷ ಬಜೆಟ್ಟಿನ ಹೊತ್ತಿಗೆ ಹಿಡಿದು ಕೇಳಬೇಕು.